ಲಾಭದ ಲೆಕ್ಕ, ಲೋಕದ ಲೆಕ್ಕ

ಕೊಡಗಿನಲ್ಲಿ ಕಾಫಿಯ ಕೊಯ್ಲು ಸಾಮಾನ್ಯವಾಗಿ ನವೆಂಬರಿನಿಂದ ಮಾರ್ಚಿಯವರೆಗೆ ನಡೆಯುತ್ತದೆ. ಮೊದಲು ಅರೇಬಿಕಾ, ಅನಂತರ ರೋಬಸ್ಟಾ ಹಣ್ಣಾಗುತ್ತದೆ. ಕೊಯ್ದ ಹಣ್ಣನ್ನು ಪಲ್ಪರ್ ಯಂತ್ರಕ್ಕೆ ಹಾಕಿ, ಸಿಪ್ಪೆಯನ್ನು ಬೇರ್ಪಡಿಸಿ, ಬೀಜಕ್ಕೆ ಅಂಟಿದ ಲೋಳೆಯನ್ನು ತೊಳೆದು, ಕಣದಲ್ಲಿ ಒಣಗಿಸಿದರೆ ಅದು ಪಾರ್ಚ್‌ಮೆಂಟ್ ಎನಿಸಿಕೊಳ್ಳುತ್ತದೆ. ಹಣ್ಣನ್ನು ಇಡಿಯಾಗಿಯೇ ಒಣಗಿಸಿದರೆ ಅದು ಚೆರಿ. ಪಾರ್ಚ್‌ಮೆಂಟಿಗೆ ಬೆಲೆ ಹೆಚ್ಚು, ಆದರೆ ಅದಕ್ಕೆ ಬೇಕಾಗುವ ನೀರೂ ಹೆಚ್ಚು. ತೊಳೆದ ನೀರಿನಲ್ಲಿ ಹಣ್ಣಿನ ಸಕ್ಕರೆಯೂ ಲೋಳೆಯೂ ಬೆರೆತಿರುತ್ತವೆ. ಅದನ್ನು ಹೊಂಡಗಳಲ್ಲಿ ನಿಲ್ಲಿಸಿ ಶುದ್ಧಗೊಳಿಸದೆ ತೋಡಿಗೆ ಹರಿಯಬಿಟ್ಟರೆ, ಅದು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನು ಹೀರಿಬಿಡುತ್ತದೆ. ಆಗ ಮೀನುಗಳು ಸಾಯುತ್ತವೆ, ಕೆಳಗಿನ ಊರಿನವರಿಗೆ ಆ ನೀರು ಬಳಸಲು ಬಾರದಂತಾಗುತ್ತದೆ. ಮಳೆಗಾಲ ಕಳೆದು ತೋಡುಗಳು ಸೊರಗುವ ತಿಂಗಳುಗಳಲ್ಲಿಯೇ ಈ ಕೆಲಸ ನಡೆಯುವುದರಿಂದ ಅಪಾಯವು ಇಮ್ಮಡಿಯಾಗುತ್ತದೆ.

ತೋಟದ ಲೆಕ್ಕದ ಪುಸ್ತಕದಲ್ಲಿ ಕೂಲಿ, ಗೊಬ್ಬರ, ಸಾಗಾಣಿಕೆ ಎಲ್ಲಕ್ಕೂ ಒಂದೊಂದು ಸಾಲು ಮೀಸಲಾಗಿರುತ್ತದೆ. ಕೆಟ್ಟ ತೋಡಿಗೆ ಮಾತ್ರ ಅಲ್ಲಿ ಸಾಲಿಲ್ಲ. ಅದರ ಖರ್ಚನ್ನು ಹೊರುವವರು ತೋಡಿನ ಕೆಳಗಿರುವವರು. ಹೀಗೆ ಒಬ್ಬರ ಲಾಭದಲ್ಲಿ ಮತ್ತೊಬ್ಬರ ನಷ್ಟವು ಕಾಣದಂತೆ ಅಡಗಿರಬಾರದು, ಉದ್ಯಮವು ತನ್ನ ಲಾಭದ ಲೆಕ್ಕದೊಡನೆ ಲೋಕದ ಲೆಕ್ಕವನ್ನೂ ಒಪ್ಪಿಸಬೇಕು ಎಂಬ ವಿಚಾರವು ಕಳೆದ ಕೆಲವು ದಶಕಗಳಲ್ಲಿ ಪ್ರಬಲವಾಗಿದೆ.

ಈ ವಿಚಾರವು ಭಾರತಕ್ಕೆ ತೀರ ಹೊಸದಲ್ಲ. ಜಮ್ಷೆಡ್‌ಪುರದ ಟಾಟಾ ಉಕ್ಕಿನ ಕಂಪನಿಯು ಸಮಾಜದ ಕಡೆಗಿನ ತನ್ನ ಕರ್ತವ್ಯವನ್ನು ಎಷ್ಟರಮಟ್ಟಿಗೆ ನೆರವೇರಿಸಿದೆ ಎಂಬುದನ್ನು ಪರಿಶೀಲಿಸಲು 1980ರ ಸುಮಾರಿನಲ್ಲಿ ನಿವೃತ್ತ ನ್ಯಾಯಾಧೀಶರೊಬ್ಬರ ನೇತೃತ್ವದ ಸಮಿತಿಯನ್ನು ನೇಮಿಸಿತು. ಇದಕ್ಕೆ ‘ಸಾಮಾಜಿಕ ಪರಿಶೋಧನೆ’ ಎಂಬ ಹೆಸರು ಬಂದಿತು. 1989ರಲ್ಲಿ ಅಲಾಸ್ಕದ ಕಡಲಿನಲ್ಲಿ ಎಕ್ಸಾನ್ ವಾಲ್ಡೀಸ್ ಎಂಬ ಹಡಗು ಬಂಡೆಗೆ ತಾಗಿ ಅಪಾರ ಪ್ರಮಾಣದ ತೈಲವು ನೀರಿಗೆ ಸೇರಿದಾಗ ಜಗತ್ತು ಬೆಚ್ಚಿಬಿದ್ದಿತು. ಅದರ ಬೆನ್ನಿಗೆ ಹುಟ್ಟಿದ ಚಳವಳಿಯ ಫಲವಾಗಿ 1997ರಲ್ಲಿ ಬಾಸ್ಟನ್ ನಗರದಲ್ಲಿ ಗ್ಲೋಬಲ್ ರಿಪೋರ್ಟಿಂಗ್ ಇನಿಷಿಯೇಟಿವ್ ಎಂಬ ಸಂಸ್ಥೆಯು ಸ್ಥಾಪಿತವಾಗಿ, ಕಂಪನಿಗಳು ಪರಿಸರದ ಹಾಗೂ ಸಮಾಜದ ಮೇಲಿನ ತಮ್ಮ ಪರಿಣಾಮವನ್ನು ವರದಿ ಮಾಡಲು ಒಂದು ಸಾಮಾನ್ಯ ಕ್ರಮವನ್ನು ರೂಪಿಸಿತು.

ಭಾರತದಲ್ಲಿ 2013ರ ಕಂಪನಿ ಕಾಯಿದೆಯು ನಿಗದಿತ ಗಾತ್ರವನ್ನು ಮೀರಿದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಹಿತಕ್ಕೆ ವ್ಯಯಿಸಬೇಕೆಂದು ವಿಧಿಸಿತು. ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿ ಮಂಡಳಿಯು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪೇಟೆಯಲ್ಲಿ ನೋಂದಾಯಿತವಾದ ಅತಿ ದೊಡ್ಡ 1000 ಕಂಪನಿಗಳು 2022-23ರಿಂದ ಪ್ರತಿವರ್ಷವೂ ಹೊಣೆಗಾರಿಕೆಯ ವರದಿಯನ್ನು ಕೊಡಬೇಕೆಂದು ಕಡ್ಡಾಯಗೊಳಿಸಿತು. ಎಷ್ಟು ನೀರನ್ನು ಬಳಸಲಾಯಿತು, ಎಷ್ಟು ವಿದ್ಯುತ್ತು ಮತ್ತು ಇಂಧನ ವೆಚ್ಚವಾಯಿತು, ಕೆಲಸದಲ್ಲಿ ಎಷ್ಟು ಜನ ಗಾಯಗೊಂಡರು, ಕಾಯಂ ಕೆಲಸಗಾರರೆಷ್ಟು, ಕಾಯಂ ಅಲ್ಲದವರೆಷ್ಟು ಎಂಬ ಪ್ರಶ್ನೆಗಳಿಗೆ ಆ ವರದಿಯಲ್ಲಿ ಅಂಕಿಗಳ ಮೂಲಕ ಉತ್ತರವಿರಬೇಕು.

ಇದರ ಅಲೆ ಕೊಡಗಿನ ಬೆಟ್ಟಗಳನ್ನೂ ಮುಟ್ಟಿದೆ. ಪೊಲಿಬೆಟ್ಟದಲ್ಲಿ ನೆಲೆಗೊಂಡಿದ್ದ ಟಾಟಾ ಕಾಫಿ ಕಂಪನಿಯ ತೋಟಗಳು ರೈನ್‌ಫಾರೆಸ್ಟ್ ಅಲೈಯನ್ಸ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪ್ರಮಾಣಪತ್ರವನ್ನು ಪಡೆದವು. ಸುಂಟಿಕೊಪ್ಪದಲ್ಲಿ ವಿಶೇಷ ಮಕ್ಕಳಿಗಾಗಿ ನಡೆಯುವ ‘ಸ್ವಸ್ಥ’ ಶಾಲೆಗೆ ಆ ಕಂಪನಿಯ ಬೆಂಬಲ ದೊರೆಯಿತು. ಇಂಥ ಕಾರ್ಯಗಳು ಶ್ಲಾಘನೀಯವೆನ್ನುವುದರಲ್ಲಿ ಸಂದೇಹವಿಲ್ಲ. 2024ರ ಜನವರಿ 1ರಂದು ಆ ಕಂಪನಿಯು ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್ ಸಮೂಹದಲ್ಲಿ ವಿಲೀನವಾಯಿತು.

ವರದಿಗಳು ಬಂದಿರುವುದು ಒಳ್ಳೆಯದೇ ಸರಿ. ಆದರೆ ಅವುಗಳ ಬೆಲೆಯನ್ನು ನಿರ್ಧರಿಸುವ ಮೊದಲು ಮೂರು ವಿಷಯಗಳನ್ನು ವಿವೇಚಿಸಬೇಕಾಗುತ್ತದೆ.

ಮೊದಲನೆಯದಾಗಿ, ಕೊಟ್ಟದ್ದು ಬೇರೆ, ಆದದ್ದು ಬೇರೆ. ಇಷ್ಟು ಲಕ್ಷ ರೂಪಾಯಿ ಖರ್ಚಾಯಿತು, ಇಷ್ಟು ಸಾವಿರ ಸಸಿ ನೆಡಲಾಯಿತು ಎನ್ನುವುದು ದಾನದ ಪಟ್ಟಿಯಾಗಬಹುದು, ಪರಿಣಾಮದ ಅಳತೆಯಾಗಲಾರದು. ನೆಟ್ಟ ಸಸಿಗಳಲ್ಲಿ ಎಷ್ಟು ಬದುಕಿದವು, ಅವು ಬೇಗ ಬೆಳೆಯುವ ಸಿಲ್ವರ್ ಓಕ್ ಸಸಿಗಳೋ ಅಥವಾ ಹಕ್ಕಿಗಳಿಗೆ ಆಸರೆಯಾಗುವ ಈ ನೆಲದ ಅತ್ತಿ, ಹಲಸುಗಳೋ ಎಂಬುದು ತಿಳಿದಾಗಲೇ ಅಳತೆ ಪೂರ್ಣವಾದೀತು. ಶಾಲೆಗೆ ಕೊಟ್ಟ ದೇಣಿಗೆಯು ತೋಡಿಗೆ ಆದ ಹಾನಿಯನ್ನು ಅಳಿಸಲಾರದು.

ಎರಡನೆಯದಾಗಿ, ಮೊತ್ತದ ಅಂಕಿಯಲ್ಲಿ ಊರು ಮರೆಯಾಗುತ್ತದೆ. ಹಲವು ರಾಜ್ಯಗಳಲ್ಲಿ ಕಾರ್ಖಾನೆ, ತೋಟಗಳಿರುವ ಕಂಪನಿಯು ತಾನು ಬಳಸಿದ ಒಟ್ಟು ನೀರಿನ ಪ್ರಮಾಣವು ಕಳೆದ ವರ್ಷಕ್ಕಿಂತ ಕಡಿಮೆಯಾಯಿತೆಂದು ಪ್ರಾಮಾಣಿಕವಾಗಿಯೇ ಹೇಳಬಹುದು. ಅದೇ ವರ್ಷ ಲಕ್ಷ್ಮಣತೀರ್ಥಕ್ಕೆ ಸೇರುವ ಒಂದು ಸಣ್ಣ ತೋಡು ಫೆಬ್ರವರಿಯಲ್ಲಿಯೇ ಬತ್ತಿದ್ದರೆ, ಅದು ಆ ಮೊತ್ತದಲ್ಲಿ ಕಾಣಿಸುವುದಿಲ್ಲ. ನೀರಿನ ಬರವು ದೇಶದ ಸರಾಸರಿಯಲ್ಲಿ ಬರುವುದಿಲ್ಲ, ಒಂದು ಊರಿನ ಬಾವಿಯಲ್ಲಿ ಬರುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆಯಿದೆ. ತನ್ನ ಪರಿಣಾಮವನ್ನು ತಾನೇ ಅಳೆದು ತಾನೇ ಬರೆಯುವ ವರದಿಗೂ ಈ ಮಾತು ಸಲ್ಲುತ್ತದೆ. ಈ ಕೊರತೆಯನ್ನು ಕಂಡೇ ಸೆಬಿಯು 2023-24ರಿಂದ ಮೊದಲಿಗೆ ಅತಿ ದೊಡ್ಡ 150 ಕಂಪನಿಗಳ ಮುಖ್ಯ ಅಂಕಿಗಳನ್ನು ಹೊರಗಿನವರಿಂದ ಪರಿಶೀಲಿಸುವ ಏರ್ಪಾಡನ್ನು ಆರಂಭಿಸಿತು. ಆದರೆ ಹೊರಗಿನ ಪರಿಶೋಧಕನು ಬರುವುದು ಪಟ್ಟಣದಿಂದ, ಅವನು ನೋಡುವುದು ಕಡತಗಳನ್ನು. ಬೆಳಗಿನ ಮಂಜಿನಲ್ಲಿ ಆನೆಯ ಭಯದಿಂದ ತೋಟದ ಕೆಲಸಕ್ಕೆ ನಡೆಯುವ ಹೆಂಗಸಿಗೆ, ಲೈನು ಮನೆಯ ಸೋರುವ ಮಾಡಿನ ಕೆಳಗಿರುವ ಕುಟುಂಬಕ್ಕೆ ಗೊತ್ತಿರುವುದು ಕಡತಕ್ಕೆ ಗೊತ್ತಿರುವುದಿಲ್ಲ.

ಇಷ್ಟೆಲ್ಲ ಅಳೆಯುವುದು ಉದ್ಯಮಕ್ಕೆ ಹೊರೆಯಾಗುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಆ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಭಾರತದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು. 2020ರ ಡಿಸೆಂಬರ್ 31ರ ಅನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಕೊಳ್ಳಬಾರದೆಂದು ಯೂರೋಪಿನ ಒಕ್ಕೂಟವು 2023ರಲ್ಲಿ ನಿಯಮವನ್ನು ಮಾಡಿ, ಪ್ರತಿಯೊಂದು ತೋಟದ ನೆಲೆಯ ವಿವರವನ್ನೂ ಕೇಳಿದಾಗ ಸಣ್ಣ ಬೆಳೆಗಾರರಿಗೆ ಚಿಂತೆ ಹತ್ತಿತು. ಆ ನಿಯಮದ ಜಾರಿಯನ್ನು ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಲಾಯಿತು. ಮರಗಳ ನೆರಳಿನಲ್ಲಿ ಕಾಫಿಯನ್ನು ಬೆಳೆಸುತ್ತ, ದೇವರಕಾಡುಗಳನ್ನು ಉಳಿಸಿಕೊಂಡು ಬಂದ ನಾಡಿನ ರೈತನು ಹಾಳೆಗಟ್ಟಲೆ ನಮೂನೆಗಳನ್ನು ತುಂಬಲಾರದೆ ಪೇಟೆಯನ್ನು ಕಳೆದುಕೊಳ್ಳುವುದು ನ್ಯಾಯವಲ್ಲ. ಆದುದರಿಂದ ಅಳತೆಯ ಹೊರೆಯು ಶಕ್ತಿಗೆ ತಕ್ಕಂತಿರಬೇಕು. ದೊಡ್ಡ ಕಂಪನಿಯು ತಾನೇ ಅಳೆಯಲಿ. ಚಿಕ್ಕ ಬೆಳೆಗಾರನಿಗೆ ಕಾಫಿ ಮಂಡಳಿಯೂ ಸಹಕಾರ ಸಂಘಗಳೂ ನೆರವಾಗಲಿ.

ಹೊರೆಯ ನೆಪದಿಂದ ಅಳತೆಯನ್ನೇ ಕೈಬಿಡುವುದು ಮಾತ್ರ ಸಲ್ಲದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆಯಲ್ಲಿ ಬೆಟ್ಟಗಳು ಕುಸಿದು ಮನೆ, ತೋಟಗಳು ಮಣ್ಣುಪಾಲಾದವು. ಅತಿಯಾದ ಮಳೆಯೊಡನೆ, ಇಳಿಜಾರುಗಳನ್ನು ಮನುಷ್ಯನು ಕಡಿದು ಮಾರ್ಪಡಿಸಿದುದೂ ಕಾರಣವೆಂದು ಭೂವಿಜ್ಞಾನಿಗಳು ತಿಳಿಸಿದರು. ರಸ್ತೆಗೂ ಕಟ್ಟಡಕ್ಕೂ ಬೆಟ್ಟವನ್ನು ಕಡಿದಾಗ ಅದರ ನಷ್ಟವನ್ನು ಯಾರೂ ಯಾವ ಪುಸ್ತಕದಲ್ಲಿಯೂ ಬರೆದಿಡಲಿಲ್ಲ. ಬರೆಯದ ಸಾಲವನ್ನು ಬೆಟ್ಟವು ಒಂದೇ ವಾರದಲ್ಲಿ ವಸೂಲು ಮಾಡಿತು.

ಊರಿನ ಮುಂದೆ ಲೆಕ್ಕವನ್ನು ಒಪ್ಪಿಸುವ ದಾರಿಯು ಈ ದೇಶಕ್ಕೆ ತಿಳಿಯದ್ದಲ್ಲ. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಗೇ ವಹಿಸಿಕೊಟ್ಟಿತು. ಕೂಲಿ ಮಾಡಿದವನ ಎದುರಿನಲ್ಲಿಯೇ ಹಾಜರಿ ಪಟ್ಟಿಯನ್ನು ಓದಿದಾಗ ಸುಳ್ಳು ಹೆಸರು ನಿಲ್ಲುವುದು ಕಷ್ಟ. ಕಂಪನಿಯ ವರದಿಗೂ ಇಂಥ ಒಂದು ಪರೀಕ್ಷೆ ಬೇಕು. ಷೇರುದಾರರಿಗೆ ಇಂಗ್ಲಿಷಿನಲ್ಲಿ ಹೋಗುವ ವರದಿಯಲ್ಲಿ ಆಯಾ ಊರಿಗೆ ಸಂಬಂಧಪಟ್ಟ ಭಾಗವು ಕನ್ನಡದಲ್ಲಿ ಸಿದ್ಧವಾಗಿ, ವರ್ಷಕ್ಕೊಮ್ಮೆ ಅಲ್ಲಿನ ಗ್ರಾಮಸಭೆಯಲ್ಲಿ ಓದಲ್ಪಡಬೇಕು. ಈ ಊರಿನ ತೋಡಿನಿಂದ ತೆಗೆದ ನೀರೆಷ್ಟು, ಮರಳಿ ಬಿಟ್ಟ ನೀರು ಹೇಗಿತ್ತು, ದುರಸ್ತಿಯಾದ ಮನೆಗಳೆಷ್ಟು ಎಂಬುದನ್ನು ಕೇಳಿದವರು ಎದ್ದುನಿಂತು ಹೌದೆನ್ನಲಿ ಅಥವಾ ಅಲ್ಲವೆನ್ನಲಿ. ಅವರ ಮಾತೂ ವರದಿಯಲ್ಲಿ ದಾಖಲಾಗಲಿ. ತೋಡಿನ ಕೆಳಗಿರುವವರು ಒಪ್ಪಿದ ಲೆಕ್ಕವೇ ನಂಬತಕ್ಕ ಲೆಕ್ಕ.