ಕಡಲು ಕರಾವಳಿಯವರ ಸ್ವತ್ತೇ?

ಅಕ್ಟೋಬರ್ ಬಂತೆಂದರೆ ಹನೂರಿನ ಟೀ ಅಂಗಡಿಯಿಂದ ಯಳಂದೂರಿನ ಬಸ್ ನಿಲ್ದಾಣದವರೆಗೆ ಒಂದೇ ಮಾತು: ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಂತೆ. ಕಡಲನ್ನೇ ಕಾಣದ ರೈತ ಆ ಸುದ್ದಿ ಕೇಳಿ ಕೊಯ್ಲು ಮುಂದಕ್ಕೆ ಹಾಕುತ್ತಾನೆ. ಅವನ ಮಗಳು ಕೊಳ್ಳೇಗಾಲದಲ್ಲಿ ಬಿ.ಎಸ್ಸಿ. ಮುಗಿಸಿ ಸಮುದ್ರ ವಿಜ್ಞಾನ ಓದುತ್ತೇನೆ ಎಂದಳೆನ್ನಿ. ಮನೆಯವರಿಗಿಂತ ಮೊದಲು ನಗುವವರು ಮೇಷ್ಟ್ರು. "ಇಲ್ಲೆಲ್ಲಿದೆಯಮ್ಮ ಸಮುದ್ರ?"

ನನ್ನ ತಕರಾರು ಈ ನಗುವಿನ ಮೇಲೆ.

ಹೈದರಾಬಾದಿನಲ್ಲೆಲ್ಲಿದೆ ಸಮುದ್ರ? ಮೀನುಗಾರರಿಗೆ ಮುನ್ಸೂಚನೆ, ದೇಶಕ್ಕೆ ಸುನಾಮಿ ಎಚ್ಚರಿಕೆ ಕೊಡುವ ಇನ್‌ಕಾಯಿಸ್ ಸಂಸ್ಥೆ 1999ರಿಂದ ಇರುವುದು ಅಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾತಾವರಣ ಮತ್ತು ಸಾಗರ ವಿಜ್ಞಾನಕ್ಕೇ ಒಂದು ಕೇಂದ್ರವಿದೆ. ಅಲ್ಲಿನ ಪಿ. ಎನ್. ವಿನಯಚಂದ್ರನ್ ಮತ್ತು ಸಂಗಡಿಗರು 2016ರ ಮಳೆಗಾಲದಲ್ಲಿ 'ಸಿಂಧು ಸಾಧನ' ಹಡಗಿನಲ್ಲಿ ಬಂಗಾಳ ಕೊಲ್ಲಿಗೆ ಹೋಗಿ, ನೀರೊಳಗೆ ತಾವೇ ಈಜುವ ಗ್ಲೈಡರುಗಳನ್ನು ಬಿಟ್ಟು, ಕಡಲಿನ ಬಿಸಿಗೂ ಮುಂಗಾರಿಗೂ ಇರುವ ನಂಟನ್ನು ಅಳೆದು ಬಂದರು. ಹಾಗೆ ಅಳೆದದ್ದು ನಮ್ಮ ರಾಗಿ ಹೊಲದ ಹಣೆಬರಹವನ್ನೂ ಹೌದು.

ಈ ವಿದ್ಯೆಯೆಂದರೆ ಬರೀ ಮೀನು, ಹಡಗು, ಈಜು ಎಂದುಕೊಂಡವರೇ ಹೆಚ್ಚು. ಅದಕ್ಕೆ ಭೌತಶಾಸ್ತ್ರ, ಗಣಿತ, ರಸಾಯನಶಾಸ್ತ್ರ, ಕಂಪ್ಯೂಟರ್ ಬಲ್ಲವರೂ ಬೇಕು. ಜಗತ್ತಿನ ಸಮುದ್ರಗಳಲ್ಲಿ ಸುಮಾರು 4,000 ಆರ್ಗೋ ತೇಲುಯಂತ್ರಗಳಿವೆ. ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳಕ್ಕಿಳಿದು, ಮೇಲೇರುತ್ತಾ ಉಷ್ಣತೆ, ಉಪ್ಪಿನಂಶ ಅಳೆದು ಉಪಗ್ರಹಕ್ಕೆ ಕಳಿಸುತ್ತವೆ. ಆ ಅಂಕಿಗಳು ಎಲ್ಲರಿಗೂ ಪುಕ್ಕಟೆ. ಹನೂರಿನಲ್ಲೇ ಕೂತು, ಒಂದು ಹಳೇ ಲ್ಯಾಪ್‌ಟಾಪಿನಲ್ಲಿ ಬಂಗಾಳ ಕೊಲ್ಲಿಯ ಆಳ ನೋಡಬಹುದು. ಹೇಳಿಕೊಡುವವರು ಬೇಕು, ಅಷ್ಟೆ.

ಕಲಿಯುವ ಜಾಗಗಳೂ ನಾಡಿನೊಳಗೇ ಇವೆ. ಕಾರವಾರದಲ್ಲಿ ಕಡಲ ಜೀವಶಾಸ್ತ್ರ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕಡಲ ಭೂವಿಜ್ಞಾನ, 1969ರ ಮಂಗಳೂರು ಮೀನುಗಾರಿಕೆ ಕಾಲೇಜು. ನಮ್ಮ ಕಾಲೇಜುಗಳ ಸೂಚನಾ ಫಲಕದಲ್ಲಿ ಮಾತ್ರ ಬ್ಯಾಂಕ್ ಪರೀಕ್ಷೆ, ಪೊಲೀಸ್ ನೇಮಕಾತಿ, ಬಿ.ಎಡ್.

ಸಾಹಿತ್ಯದವರೂ ಸುಮ್ಮನಿಲ್ಲ. ಕಾರಂತರನ್ನು 'ಕಡಲತೀರದ ಭಾರ್ಗವ' ಎಂದು ಕರೆದು ಕರೆದು, ಕನ್ನಡದ ಕಡಲನ್ನೆಲ್ಲ ಆ ತೀರಕ್ಕೇ ಕಟ್ಟಿಹಾಕಿದ್ದೇವೆ. ಬಯಲುಸೀಮೆಯವರಿಗೆ ಉಳಿದದ್ದು ಕೆರೆ, ಬಾವಿ, ಬರ.

ಕೆಲಸ ಎಲ್ಲಿದೆ ಎಂಬುದು ನ್ಯಾಯವಾದ ಪ್ರಶ್ನೆ. ಕಾಯಂ ಹುದ್ದೆಗಳು ಕಡಿಮೆ, ಯೋಜನೆ ಮುಗಿದರೆ ಸಂಬಳವೂ ಮುಗಿಯುವ ನೌಕರಿಗಳೇ ಜಾಸ್ತಿ. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಕರೆಯುವುದು ಮೋಸ. ಆದರೆ ಹುದ್ದೆ ಕಡಿಮೆಯಿದ್ದಷ್ಟೂ ಪರಿಚಯ, ಶಿಫಾರಸು, ಬೇಸಿಗೆ ತರಬೇತಿಯ ಸುಳಿವು ಯಾರಿಗೆ ಸಿಗುತ್ತದೆ ಎಂಬುದೇ ದೊಡ್ಡದಾಗುತ್ತದೆ. ಅವೆಲ್ಲ ಓಡಾಡುವುದು ವಿಜ್ಞಾನಿಗಳ ಸಂಘಗಳಲ್ಲಿ, ಸಮ್ಮೇಳನಗಳಲ್ಲಿ, ಇಂಗ್ಲಿಷಿನಲ್ಲಿ. ಯಳಂದೂರಿನ ಹುಡುಗನಿಗೆ ಅಂಥ ಸಂಘಗಳಿವೆ ಎಂಬುದೇ ಗೊತ್ತಾಗುವುದಿಲ್ಲ. ಅವನನ್ನು ಹುಡುಕಿಕೊಂಡು ಬರುವುದು ತಮ್ಮ ವೃತ್ತಿಯ ಭಾಗವೆಂದು ಸಂಘಗಳು ತಿಳಿದಂತಿಲ್ಲ.

2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕೊಳ್ಳೇಗಾಲದ ದಾಸನಪುರಕ್ಕೆ ನುಗ್ಗಿತು. ಕೊಡಗಿನಲ್ಲಿ ಸುರಿದ ಆ ಮಳೆ ಅರಬ್ಬಿ ಸಮುದ್ರವನ್ನು ದಾಟಿ ಬಂದದ್ದು. ಕಡಲೇ ಮನೆಯೊಳಗೆ ಬಂದಿತ್ತು, ಕಡಲನ್ನು ಓದಿದವರು ಬರಲಿಲ್ಲ.

ಫೆಬ್ರವರಿ 28 ವಿಜ್ಞಾನ ದಿನ. ಬೆಂಗಳೂರಿನ ಸಾಗರ ವಿಜ್ಞಾನಿಗಳೇ, ಅಂದು ಒಂದು ಮಧ್ಯಾಹ್ನ ಕನ್ನಡದಲ್ಲಿ ಮಾತಾಡಬಲ್ಲ ಒಬ್ಬರನ್ನು ಕಳಿಸಿ. ಕೊಳ್ಳೇಗಾಲಕ್ಕೆ ಬೆಳಗಿನಿಂದಲೇ ಬಸ್ಸುಗಳಿವೆ.