ತೊಗರಿಯ ಬೇರಿಗೆ ಬಿದ್ದ ಶತ್ರು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ, ವಾಡಿ, ಶಹಾಬಾದ್ ಸುತ್ತಿನ ಎರೆಹೊಲಗಳಲ್ಲಿ ಹೂ–ಕಾಯಿ ಹೊತ್ತ ತೊಗರಿ ನಿಂತಲ್ಲೇ ಒಣಗುವುದನ್ನು ಕಂಡವರಿಗೆ ನೆಟೆ ರೋಗದ ಪರಿಚಯ ಬೇಕಿಲ್ಲ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕಲಬುರಗಿ ತೊಗರಿಗೆ 2022ರಲ್ಲಿ ಈ ರೋಗ ಭಾರೀ ಪೆಟ್ಟು ಕೊಟ್ಟಿತು.

ಕಾರಣ, ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ. ಬೇರಿನಿಂದ ನುಗ್ಗಿ ನೀರು ಸಾಗುವ ನಾಳಗಳನ್ನೇ ಮುಚ್ಚುತ್ತದೆ. ಕಾಂಡ ಸೀಳಿದರೆ ಒಳಗೆ ಕಂದುಗಪ್ಪು ಗೆರೆ. ಗಿಡ ಸತ್ತ ಮೇಲೂ ದಪ್ಪಗೋಡೆಯ ಬೀಜಕಣಗಳಾಗಿ ವರ್ಷಗಟ್ಟಲೆ ಮಣ್ಣಿನಲ್ಲಿ ಕಾಯುತ್ತದೆ. ಕಣ್ಣಿಲ್ಲದ ಈ ಜೀವಿ ಬೇರನ್ನು ಹುಡುಕುವುದಾದರೂ ಹೇಗೆ? ಇದರ ದಾಯಾದಿ ಫ್ಯುಸೇರಿಯಂ ಆಕ್ಸಿಸ್ಪೋರಮ್ ಕುರಿತು ಸ್ಪೇನಿನ ಕಾರ್ಡೋಬಾದ ವಿಜ್ಞಾನಿಗಳು 2015ರಲ್ಲಿ ಬೆರಗಿನ ಉತ್ತರ ಕೊಟ್ಟರು. ಯೀಸ್ಟ್ ಕೋಶ ತನ್ನ ಜೋಡಿಯ ಸುಳಿವು ಹಿಡಿಯಲು ಬಳಸುವಂಥದ್ದೇ ಗ್ರಾಹಕ ಪ್ರೋಟೀನಿನಿಂದ ಅದು ಟೊಮೆಟೊ ಬೇರು ಸ್ರವಿಸುವ ಪೆರಾಕ್ಸಿಡೇಸ್ ಕಿಣ್ವವನ್ನು ಗುರುತಿಸಿ ಅತ್ತ ಬೆಳೆಯುತ್ತದೆ. ಆ ದಾರಿ ಕಡಿದರೆ ರೋಗವನ್ನು ಬಾಗಿಲಲ್ಲೇ ತಡೆಯಬಹುದೆಂಬ ಆಸೆ ಹುಟ್ಟುತ್ತದೆ.

ತೊಗರಿಯ ಶಿಲೀಂಧ್ರದ ಮೇಲೆ ಇಂಥ ಆಳದ ಸಂಶೋಧನೆಗೆ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸರ್ಕಾರ ಕೈತುಂಬ ಹಣ ಕೊಡಲೇಬೇಕು. ಅಲ್ಲಿಯವರೆಗೆ ರೋಗ ತಡೆಯುವ ತಳಿಯ ಬೀಜ ಮತ್ತು ಬೀಜೋಪಚಾರದ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾ ಮುಂಗಾರಿಗೆ ಮೊದಲೇ ರೈತ ಸಂಪರ್ಕ ಕೇಂದ್ರಗಳಲ್ಲಿ ಸಿಗಲಿ. ರೈತ ಬಾಂಧವರೂ ರೋಗ ಕಂಡ ಹೊಲದಲ್ಲಿ ಮತ್ತೆ ತೊಗರಿಯನ್ನೇ ಬಿತ್ತದೆ, ಕೆಲ ವರ್ಷ ಜೋಳಕ್ಕೆ ಜಾಗ ಕೊಡಲಿ.