ತಪ್ಪಿದ ಓಟವೂ ಮುಚ್ಚಿಟ್ಟ ನೋವೂ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಮ್ಯಾರಥಾನ್ ಓಟಕ್ಕೆ ಅಣಿಯಾಗುತ್ತಿರುವುದು ಸಂತೋಷದ ಸಂಗತಿ. ಒಲಿಂಪಿಕ್ ಕ್ರೀಡೆಗಳಲ್ಲಿ ಈ 42.195 ಕಿಲೋಮೀಟರುಗಳ ಓಟವು 1984ರ ವರೆಗೆ ಸ್ತ್ರೀಯರಿಗೆ ಇರಲೇ ಇಲ್ಲ. ಆದರೆ ಅಭ್ಯಾಸವು ಒಂದು ವಾರ ತಪ್ಪಿದರೆ ಅದನ್ನು ಸಾಲವೆಂದೆಣಿಸಿ, ಮರುವಾರ ಬಡ್ಡಿಸಹಿತ ತೀರಿಸಹೊರಡುವುದು ನಮಗೆ ಸರಿದೋರುವುದಿಲ್ಲ. ತಿಂಗಳುಗಟ್ಟಲೆ ಗಳಿಸಿದ ಬಲವು ಒಂದು ವಾರದ ವಿಶ್ರಾಂತಿಯಿಂದ ಅಳಿಯದು. ಅವಸರದಿಂದ ಇಮ್ಮಡಿಸಿದ ಓಟವಾದರೋ ಅಂಗವನ್ನೇ ಕೆಡಿಸೀತು. ತಪ್ಪಿದ್ದನ್ನು ಬಿಟ್ಟು ಮುಂದಿನದನ್ನು ಮೆಲ್ಲನೆ ಹಿಡಿಯುವುದೇ ಲೇಸು.

ನೋವಿನಲ್ಲಿಯೂ ಭೇದವುಂಟು. ದೀರ್ಘ ಓಟದ ಮರುದಿನ ತೊಡೆಗಳೆರಡೂ ಬಿಗಿದು ನೋಯುವುದು ಕೆಲವು ದಿನಗಳಲ್ಲಿ ತಾನೇ ಶಮನವಾಗುತ್ತದೆ. ಮೂಳೆಯ ಒಂದೇ ಸ್ಥಳದಲ್ಲಿ ನಿಂತು, ಓಡಿದಷ್ಟೂ ಹೆಚ್ಚುವ ನೋವಾದರೆ ಓಟವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸತಕ್ಕದ್ದು. ಊಟ ಸಾಲದೆ ಮುಟ್ಟು ನಿಂತವರ ಮೂಳೆಗಳು ಬೇಗನೆ ಬಿರುಕು ಬಿಡುವುವು. ಇದನ್ನು ತಾಯಂದಿರು ಸಂಕೋಚಪಡದೆ ವಿಚಾರಿಸಬೇಕು.

ಅಮೇರಿಕದ ಜೋನ್ ಬೆನೊಯ್ಟ್ ಎಂಬಾಕೆಗೆ 1984ರಲ್ಲಿ, ಆಯ್ಕೆಯ ಓಟಕ್ಕೆ 17 ದಿನಗಳಿರುವಾಗ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಆಕೆ ಆ ಓಟವನ್ನೂ, ಅದೇ ವರುಷ ಲಾಸ್ ಏಂಜಲಿಸ್ ಪಟ್ಟಣದಲ್ಲಿ ನಡೆದ ಸ್ತ್ರೀಯರ ಪ್ರಥಮ ಒಲಿಂಪಿಕ್ ಮ್ಯಾರಥಾನನ್ನೂ ಗೆದ್ದಳು. ಇದನ್ನು ನೋವು ನುಂಗಿದ ಕಥೆಯೆನ್ನುವವರುಂಟು. ನೋವನ್ನು ಮರೆಮಾಡದೆ ಚಿಕಿತ್ಸೆ ಮಾಡಿಸಿಕೊಂಡ ಕಥೆಯೆಂದು ನಾವು ತಿಳಿಯುತ್ತೇವೆ. ಆಕೆಯ ಅವಸರವು ಎಲ್ಲರಿಗೂ ಮಾದರಿಯಲ್ಲ.

ನೋವನ್ನು ಹೇಳದಿರುವುದೇ ಹೆಣ್ಣಿನ ಗುಣವೆಂಬ ಮಾತು ಇನ್ನೂ ಕೇಳಿಬರುತ್ತದೆ. ಓಡುವವಳಿಗೆ ಅದು ಗುಣವಲ್ಲ, ಅಪಾಯ. ತಂದೆತಾಯಿಗಳೇ, ನೋವೆಂದ ಮಾತ್ರಕ್ಕೆ ಓಟವನ್ನೇ ಬಿಡಿಸುವೆವೆಂದು ಬೆದರಿಸಬೇಡಿರಿ. ಬೆದರಿಸಿದರೆ ಮಗಳು ಓಟವನ್ನು ಬಿಡಳು, ಹೇಳುವುದನ್ನು ಬಿಡುವಳು.